ಮಚ್ಚೇಂದ್ರನ ಕುಬಸ

ಗಂಡಸಿನ ಹೊಟ್ಟೆಗೆ ದಿಂಬು ಕಟ್ಟುವಾಗ ಗಂಟು ಮುಂದೆ ಬರಬೇಕೋ ಹಿಂದೆ ಬರಬೇಕೋ ಎಂಬುದು ಯಾವ ವಿಶ್ವವಿದ್ಯಾಲಯವೂ ಇದುವರೆಗೆ ಕೈಗೆತ್ತಿಕೊಳ್ಳದ ಘನವಾದ ಪ್ರಶ್ನೆ. ತೊಂಬತ್ತೆಂಟರ ಒಂದು ಬೆಳಿಗ್ಗೆ, ಮೋರಖಂಡಿಯ ಸಮುದಾಯ ಭವನದ ಹಿಂದೆ, ಅದು ಮಚ್ಚೇಂದ್ರನಿಗೆ ಎದುರಾಯಿತು.

ವಿಶ್ವವಿದ್ಯಾಲಯದವರು ಹುಮನಾಬಾದಿನಲ್ಲಿ ನಡೆಸುತ್ತಿದ್ದ ಆರೋಗ್ಯ ಶಿಕ್ಷಣ ಕೇಂದ್ರದಲ್ಲಿ ಅವನು ಹಂಗಾಮಿ ನೌಕರ. ಬಸುರಿಯರಿಗೆ ರಕ್ತ ಹೆಚ್ಚಿಸುವ ಗುಳಿಗೆ ನುಂಗಲು ತಿಳಿಹೇಳುವುದು ಅವನ ಕೆಲಸ. ಗುಳಿಗೆ ನುಂಗಿದರೆ ಕೂಸು ಕರ್ರಗಾಗುತ್ತದೆಂದು ಮೋರಖಂಡಿ ನಂಬಿತ್ತು. ಹಿಂದಿನ ಸಭೆಗಳಿಗೆ ಗಂಡಸರು ಮಾತ್ರ ಬಂದಿದ್ದರು, ಅವರೂ ಚಹಾಕ್ಕೆ. ಈ ಸಲ ಹೆಂಗಸರು ಬಂದರೆ ನೌಕರಿ ಕಾಯಂ ಎಂದಿದ್ದರು ಕೇಂದ್ರದ ವಿದ್ಯಾವತಿ ಮೇಡಂ. ಕಾಯಂ ಆದರೆ ಮೊಮ್ಮಗಳು ಪೂನಮಳನ್ನು ಕೊಡುತ್ತೇನೆಂದಿದ್ದಳು ಇದೇ ಊರಿನ ಶೇವಂತಾಬಾಯಿ. ಹೀಗಾಗಿ, ಹೆಂಗಸರನ್ನು ಸೆಳೆಯಲೆಂದು ಹೂಡಿದ್ದ ನಾಟಕದಲ್ಲಿ ಬಸುರಿಯಾಗಬೇಕಿದ್ದ ವಿದ್ಯಾರ್ಥಿನಿಗೆ ಬಸ್ಸು ತಪ್ಪಿದಾಗ ಮಚ್ಚೇಂದ್ರ ತಾನೇ ಸೀರೆ ಉಟ್ಟ. ಜೋಳದ ಚೀಲ ಹೇರಿದ ಸೈಕಲ್ಲಿನಂತೆ ಓಲಾಡುತ್ತ ಹೊರಗೆ ಬಂದ.

"ಅಯ್ಯಯ್ಯ, ಮೀಸಿ ಬಸುರಿ ಬಂದಾಳ, ಬರ್ರೇ!" ಎಂದು ಎದುರು ಮನೆಯ ಮಾಣಿಕಮ್ಮ ಓಣಿಗೆಲ್ಲ ಕೇಳುವಂತೆ ಕೂಗಿದಳು. ರೊಟ್ಟಿ ಹಂಚಿನ ಮೇಲೆಯೇ ಬಿಟ್ಟು ಹೆಂಗಸರು ಓಡಿಬಂದರು.

"ಎಷ್ಟರಾಗ ಅದ ತಂಗೀ?" ಶೇವಂತಾಬಾಯಿ ಕೇಳಿದಳು.

"ಏಳರಾಗರಿ."

"ಏಳರಾಗ ಅದ, ಇನ್ನಾ ಕುಬಸ ಆಗಿಲ್ಲ? ತವರಮನಿಯವ್ರು ಏನ್ ಮಾಡಾಕತ್ತಾರ?"

"ತವರಮನಿ ಇಲ್ಲರಿ," ಎಂದ. ನಾಟಕದ ಹೊರಗೂ ಅವನಿಗೆ ತಂದೆತಾಯಿ ಇರಲಿಲ್ಲ.

ಮುದುಕಿಯ ಕಣ್ಣು ತುಂಬಿತು. "ಇಲ್ಲಂದ್ರ ಏನಾತು? ನಾನೇ ನಿನ್ನ ತವರು. ಪೂನಮ, ಹಸರ ಬಳಿ ತಾ!"

"ನಾಟಕರಿ ಆಯಿ ಇದು!" ಎಂದ ಮಚ್ಚೇಂದ್ರ.

"ನಾಟಕ ಅಂತ ಬಸುರಿನ್ನ ಬರೇಗೈಲೆ ಕಳಸಬೇಕೇನು?"

ಮಾಣಿಕಮ್ಮ ಅವನ ಕೈಗೆ ಸಬಕಾರದ ನೊರೆ ಸವರಿ ಬಳೆ ಏರಿಸಿದಳು. ಸೀಮಂತಕ್ಕೆ ಮಾಡುವಂತೆಯೇ ಉಡಿ ತುಂಬಿದರು, ಹಾಡಿದರು. ಮನೆಮನೆಯಿಂದ ಹೋಳಿಗೆ, ಸಜ್ಜಿರೊಟ್ಟಿ ಬಂದವು. ಊರಿನ ನಿಜವಾದ ಬಸುರಿಯರು ಅವನ ಪಕ್ಕ ಸಾಲಾಗಿ ಕೂತರು. ಮಚ್ಚೇಂದ್ರನ ತಲೆ ಆಗ ಚುರುಕಾಯಿತು.

"ಕುಬಸದ ಪಂಕ್ತಿನಾಗ ನಾ ತಿಂದಿದ್ದು ನೀವೂ ತಿನ್ನಬೇಕು," ಎಂದವನೇ ಗುಳಿಗೆ ಬಾಯಿಗೆ ಹಾಕಿಕೊಂಡ.

"ಕೂಸು ಕರ್ರಗಾದ್ರ?" ಮಾಣಿಕಮ್ಮ ತಡೆದಳು.

"ಮೊದಲ ನಂದು ಹುಟ್ಟಲಿ, ನೋಡಿ ಹೇಳ್ರಿ!"

ಭವನಕ್ಕೆ ನಕ್ಕು ನಕ್ಕು ಸಾಕಾಯಿತು. ನಗುನಗುತ್ತಲೇ ಪಂಕ್ತಿಯವರೆಲ್ಲ ಗುಳಿಗೆ ನುಂಗಿದರು. ವಿದ್ಯಾವತಿ ಮೇಡಂ ಜೀಪಿನಿಂದ ಇಳಿದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಮನೆಗೆ ಒಯ್ಯಲು ಗುಳಿಗೆ ಕೊಡಿರೆಂದು ಹೆಂಗಸರು ಅವರನ್ನೇ ಮುತ್ತಿದರು.

"ಸಮುದಾಯದ ಸಹಭಾಗಿತ್ವ ಅಂದ್ರ ಇದು!" ಮೇಡಂ ಹಿಗ್ಗಿದರು. "ಮಚ್ಚೇಂದ್ರ, ನಿಮ್ಮ ನೌಕರಿ ಕಾಯಂ!"

ಚಪ್ಪಾಳೆಗೆ ಭವನದ ತಗಡು ನಡುಗಿತು. ಮಚ್ಚೇಂದ್ರ ಹೊಟ್ಟೆ ಹಿಡಿದುಕೊಂಡೇ ಶೇವಂತಾಬಾಯಿಯ ಕಾಲಿಗೆ ಬಿದ್ದ.

"ಆಯಿ, ಕಾಯಂ ಆತು. ಇನ್ನ ಪೂನಮಂದು..."

"ಪೂನಮಂದೇನು?" ಮುದುಕಿ ಬೆಚ್ಚಿದಳು. "ಇಷ್ಟ ಮಂದಿ ಮುಂದ ತವರಾಗಿ ನಿನ್ನ ಕುಬಸ ಮಾಡೀನಿ. ಈಗ ನೀ ನಮ್ಮ ಮನಿ ಮಗಳು. ಆಕಿ ನಿನಗ ತಂಗಿ ಆಗ್ಬೇಕು."

"ನಾಟಕರಿ ಆಯಿ!"

"ಉಡಿ ತುಂಬಿದ್ದು ಖರೇ ಅಲ್ಲೇನು?"

"ತಂಗೀನ್ನ ಕೇಳಾಕತ್ತಾನ, ಬಾಯಿ ತೊಳಕೋ ಹೋಗು!" ಎಂದಳು ಮಾಣಿಕಮ್ಮ. ಭವನವೆಲ್ಲ ಹೌದೆಂದು ತಲೆದೂಗಿತು.

ಪೂನಮಳ ಲಗ್ನ ಮಂಠಾಳದ ವರನೊಂದಿಗೆ ಆಯಿತು. ಮನೆಮಗಳ ಲೆಕ್ಕದಲ್ಲಿ ಮಚ್ಚೇಂದ್ರನಿಗೂ ಉಡುಗೊರೆಯಾಗಿ ಒಂದು ಆಯೇರಿ ಸೀರೆ ಬಂತು.