ಕಳಿಸುವ ಅಂಕ, ಬಚ್ಚಿಡುವ ಅಂಕ

ಹೆಂಡತಿ ಮಗಳು ಒಂದಾದ ಮನೆಯಲ್ಲಿ ಗಂಡಸಿನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ ಸ್ವಾಮೀ! ಕಾಲೇಜಿನ ಪ್ರವೇಶ ಪರೀಕ್ಷೆಯನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು. ಯಾವ ಸಲದ್ದು ಚೆನ್ನಾಗಿದೆಯೋ ಆ ಅಂಕವನ್ನಷ್ಟೇ ಕಳಿಸಬಹುದು. ಇಂಥ ಕಾಮಧೇನುವನ್ನು ಒಂದೇ ಸಲ ಕರೆದು ಬಿಡುವುದುಂಟೇ? ಮಗಳಿಗೆ ಮೊದಲು ನೂರಕ್ಕೆ ಎಂಬತ್ತೆರಡು ಬಂತು. ಬಲವಂತವಾಗಿ ಮತ್ತೆ ಬರೆಸಿದೆ. ಎಪ್ಪತ್ತೊಂಬತ್ತು ಬಂತು. (ಗ್ರಹಚಾರ!) ಮೂರನೆಯ ಸಲಕ್ಕೆ ಸಿದ್ಧಳಾಗು ಎಂದೆ.

"ನಂಗೆ ಬೇಕಾದ ಕಾಲೇಜಿಗೆ ಎಂಬತ್ತೆರಡು ಧಾರಾಳ ಸಾಕಪ್ಪಾ. ನನ್ನ ಬಿಟ್ಬಿಡಿ" ಎಂದು ಅವಳು ಅತ್ತೇಬಿಟ್ಟಳು.

"ಸಾಕು ಅನ್ನೋದು ಸೋಮಾರಿಗಳ ಮಾತು. ನಾನು ಈಗ ಕೂತ್ರೂ ತೊಂಬತ್ತು ತೆಗೀತೀನಿ!"

ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ಹಾಗಾದ್ರೆ ಬರೀರಿ. ವಯಸ್ಸಿನ ಮಿತಿ ಇಲ್ವಂತೆ. ನೀವು ಎಂಬತ್ತೆರಡು ದಾಟಿದ್ರೆ ಅವಳು ಮತ್ತೆ ಬರೀತಾಳೆ. ಇಲ್ದಿದ್ರೆ ಅವಳ ಎಂಬತ್ತೆರಡನ್ನೇ ಕಳಿಸೋದು. ನೀವು ತುಟಿಪಿಟಕ್ ಅನ್ನಬಾರದು."

ಬರೆದೆ. ಬೆಂಚಿಗೂ ಡೆಸ್ಕಿಗೂ ನಡುವೆ ನನ್ನ ಹೊಟ್ಟೆಗೆ ಜಾಗವಿರಲಿಲ್ಲ. ಮೇಲ್ವಿಚಾರಕ ನಾನೇ ಎಂದುಕೊಂಡು ಮಕ್ಕಳೆಲ್ಲ ಎದ್ದು ನಿಂತರು. ಮೊದಲ ಪ್ರಶ್ನೆಯಲ್ಲಿ ಎರಡು ನಲ್ಲಿಗಳು ತೊಟ್ಟಿ ತುಂಬಿಸುತ್ತವಂತೆ, ಮೂರನೆಯದು ಖಾಲಿ ಮಾಡುತ್ತದಂತೆ. ಆ ಮೂರನೆಯದನ್ನು ಯಾರಾದರೂ ನಿಲ್ಲಿಸಬಾರದೇ ಎಂದು ಕೊರಗುತ್ತಲೇ ಅರ್ಧ ಗಂಟೆ ಕಳೆದೆ.

ಫಲಿತಾಂಶ: ಮೂವತ್ತೊಂದು.

"ಇದು ಲೆಕ್ಕಕ್ಕಿಲ್ಲ! ಅಂಕ ಕಳಿಸೋದು ಬಿಡೋದು ಬರೆದವರ ಇಷ್ಟ. ಇದನ್ನ ಬಚ್ಚಿಟ್ಟು ನಾನು ಇನ್ನೊಂದ್ಸಲ ಬರೀತೀನಿ" ಎಂದು ಕೂಗಾಡಿದೆ. ಅಷ್ಟರಲ್ಲಿ ಮಗಳು ತನ್ನ ಎಂಬತ್ತೆರಡನ್ನು ಕಾಲೇಜಿಗೆ ಕಳಿಸಿ ಆಗಿತ್ತು. ಎಷ್ಟೋ ದಿನಗಳ ಮೇಲೆ ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ನನ್ನ ಮಾನ ಹೋಗಿದ್ದರೂ, ನಿಜ ಹೇಳುತ್ತೇನೆ, ಅದನ್ನು ನೋಡಿ ಸಂತೋಷವಾಯಿತು.

"ನಿಮ್ಮದನ್ನೂ ಕಳಿಸಾಯ್ತು" ಎಂದಳು ಹೆಂಡತಿ.

"ಅಯ್ಯೋ, ಯಾವ ಕಾಲೇಜಿಗೇ?"

"ಕಾಲೇಜಿಗಲ್ಲ. ನಿಮ್ಮಮ್ಮನಿಗೆ."

ಪಕ್ಕದ ಬೀದಿಯಲ್ಲಿ ತಮ್ಮನ ಮನೆಯಲ್ಲಿರುವ ಅಮ್ಮ ಕೋಲೂರಿಕೊಂಡು ಬಂದೇಬಿಟ್ಟಳು. ಟಿವಿ ಮುಂದೆ ಕುಗ್ಗಿ ಕೂತಿದ್ದ ನನ್ನ ತಲೆ ಸವರಿ, "ಹೋಗ್ಲಿ ಬಿಡು ಕಂದಾ, ಇನ್ನೊಂದ್ಸಲ ಬರೆದ್ರಾಯ್ತು" ಎಂದಳು. ಕೊನೆಗೂ ನನ್ನ ಕಡೆಗೆ ಒಂದು ಓಟು ಬಿತ್ತಲ್ಲ ಎಂದು ಎದೆಯುಬ್ಬಿಸಿ ಹೆಂಡತಿಯತ್ತ ನೋಡಿದೆ.

ಅಮ್ಮ ನನ್ನ ಕೈಯಿಂದ ರಿಮೋಟು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅಲ್ಲೀವರೆಗೂ ಇದು ನನ್ನ ಹತ್ರ ಇರ್ಲಿ. ಏಳು, ಪುಸ್ತಕ ತೆಗಿ."