ಲಾಂಚ್ ಹಿಡಿದವರು ಸೋತರೇ?

‘ಅದು ಆಗಾ ಮಾತಲ್ಲ, ಬಿಡೇ’ ಎಂದವರು ನಮ್ಮ ದೊಡ್ಡಪ್ಪ ತಿಮ್ಮಪ್ಪ. ಈ ಮಾತನ್ನು ಅವರು ನನಗೆ ಎರಡು ಸಲ ಹೇಳಿದ್ದಾರೆ. ಮೊದಲನೆಯದು, ನಾನು ಬಿ.ಎ. ಓದುತ್ತೇನೆ ಎಂದಾಗ. ಬ್ಯಾಕೋಡು ಕಡೆಯ ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಎರಡನೆಯದು ಮೊನ್ನೆ, ಅಪ್ಪನ ಹೆಸರನ್ನು ವಾಲಿಬಾಲ್ ಚರಿತ್ರೆಗೆ ಸೇರಿಸುತ್ತೇನೆ ಎಂದಾಗ. ಹೀಗೆ ಆಗದು ಎನ್ನುವವರೊಬ್ಬರು ಮನೆಯಲ್ಲಿ ಇರಬೇಕು. ಅವರ ಮೇಲಿನ ಹಟ ಇಲ್ಲದಿದ್ದರೆ ನಾನು ಮೊದಲ ವರ್ಷದ ಇಂಗ್ಲಿಷ್ ಪೇಪರಿಗೇ ಶರಣಾಗಿಬಿಡುತ್ತಿದ್ದೆ. ಈಗ ನನ್ನ ಡಿಗ್ರಿ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ನಮ್ಮ ಜಗಲಿಯ ಗೋಡೆಯಲ್ಲಿ ತೂಗುತ್ತಿದೆ. ಬಂದವರಿಗೆಲ್ಲ ಅದು ಕಾಣುವಂತೆ ಕುರ್ಚಿ ಹಾಕುವವಳೂ ನಾನೇ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕು ಸೇರಿ ಆಡುವ ವಾಲಿಬಾಲ್ ಪಂದ್ಯಾವಳಿಯ ಸ್ಮರಣ ಸಂಚಿಕೆಗೆ ‘ಆರಂಭದ ದಿನಗಳು’ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಚೆಂಡು ಮುಟ್ಟಿದವಳೇ ಅಲ್ಲ. ‘ಹಿಸ್ಟರಿ ಓದೀಯಲ್ಲ, ಬರಿ’ ಎಂದರು ಸಮಿತಿಯವರು. ಡಿಗ್ರಿ ಆದವಳಿಗೆ ಎಲ್ಲವೂ ಬರುತ್ತದೆ ಎಂದು ಊರು ನಂಬಿದೆ. ಪಹಣಿ ಓದಿಸಲಿಕ್ಕೂ ಕೆಟ್ಟ ಮೊಬೈಲು ತೋರಿಸಲಿಕ್ಕೂ ನಮ್ಮ ಮನೆಗೇ ಬರುತ್ತಾರೆ. ಹಳಬರನ್ನು ಹುಡುಕಿ ಮಾತಾಡಿಸಿದೆ. ತಂಡಕ್ಕೆ ಆರೇ ಜನ ತಾನೆ? ಮೊದಲ ವರ್ಷ ನಮ್ಮೂರಿನ ಪರವಾಗಿ ಆಡಿದೆ ಎಂದವರು ಹದಿನಾಲ್ಕು ಮಂದಿ ಸಿಕ್ಕರು. ಅಷ್ಟೂ ಜನ ನಿಂತಿದ್ದರೆ ಚೆಂಡು ನೆಲಕ್ಕೆ ಬೀಳಲು ಜಾಗವೇ ಇರುತ್ತಿರಲಿಲ್ಲ.

ಎಲ್ಲರೂ ಒಪ್ಪಿದ್ದು ಒಂದೇ ಸಂಗತಿ: ಮೊದಲ ಫೈನಲ್ ಮುಗಿಯಲೇ ಇಲ್ಲ. ಆಟ ಹೊಳೆಯ ಆಚೆ, ಸಾಗರದ ಕಡೆಯ ದಡದಲ್ಲಿ. ಎದುರಿಗೆ ಹೊಸನಗರದ ತಂಡ. ಕೊನೆಯ ಸೆಟ್ಟಿನಲ್ಲಿ ನಮ್ಮವರು ನಾಲ್ಕು ಪಾಯಿಂಟ್ ಮುಂದಿದ್ದಾಗ ಕೊನೆಯ ಲಾಂಚಿನ ಹಾರನ್ ಕೇಳಿತು. ಲಿಂಗನಮಕ್ಕಿ ಹಿನ್ನೀರು ದಾಟಿ ಮನೆ ಸೇರಲು ಆಗ ಅದೊಂದೇ ದಾರಿ. ಈಗಿನ ಸೇತುವೆ ಯಾರ ಕನಸಿನಲ್ಲೂ ಇರಲಿಲ್ಲ. ಆರೂ ಜನ ಅಂಗಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಿದರು. ಮೈದಾನ ಬಿಟ್ಟವರು ಸೋತಂತೆ ಎಂದು ಅಂಪೈರು ಸೀಟಿ ಊದಿದರು. ಓಡಿದವರಲ್ಲಿ ಅಪ್ಪನೂ ಒಬ್ಬರು. ‘ನಾವು ಸೋತಿದ್ದಲ್ಲ, ಲಾಂಚ್ ಹಿಡ್ದಿದ್ದು’ ಎಂದು ಅವರು ಇವತ್ತಿಗೂ ಹೇಳುತ್ತಾರೆ. ‘ಸೋತೋರೆಲ್ಲ ಹಂಗೇ ಹೇಳಾದು’ ಎಂದು ದೊಡ್ಡಪ್ಪ ಇವತ್ತಿಗೂ ಕಿಚಾಯಿಸುತ್ತಾರೆ.

ಮಗಳ ಮಾತು ಚರಿತ್ರೆಯಾಗುವುದಿಲ್ಲ, ಸಾಕ್ಷಿ ಬೇಕು. ಆಗಿನ ಹೊಸನಗರ ತಂಡದ ಕ್ಯಾಪ್ಟನ್ ರುದ್ರಪ್ಪನವರ ಮನೆ ಹುಡುಕಿಕೊಂಡು ಹೋದೆ. ನಾನು ಯಾರ ಮಗಳೆಂದು ತಿಳಿದದ್ದೇ ಹಿರಿಯರು ನಗಲು ಶುರು ಮಾಡಿದರು.

‘ನಿಮ್ಮಪ್ಪನ ಹೊಡ್ತ ತಡಿಯಾಕೆ ನಮ್ ಕೈಲಿ ಎಲ್ಲಿ ಆಗ್ತಿತ್ತಮ್ಮ? ಇದ್ದಿದ್ದು ಒಂದೇ ಬಾಲು. ಅದು ಕೆಳಗೆ ಪೊದೆಗೆ ಉರುಳಿದಾಗೆಲ್ಲ ತರಾಕೆ ನಾನೇ ಹೋಗ್ತಿದ್ದೆ. ಸಿಕ್ಕಿದ್ ಮೇಲೂ ಹುಡುಕ್ತಾ ಇದ್ದೆ. ಒಂದ್ಸಲ ಕೂತ್ಕಂಡು ಬೀಡಿನೂ ಸೇದ್ದೆ. ನಿಮ್ ಲಾಂಚಿನ ಟೈಮು ನಂಗೂ ಗೊತ್ತಿತ್ತಲ್ಲ!’

‘ಇದನ್ನ ಬರ್ಕೊಳ್ಳಾ, ಅಜ್ಜ?’

‘ಬರ್ಕ. ಬೀಡಿ ಒಂದು ಬಿಡು, ಮೊಮ್ಮಕ್ಕಳು ಓದ್ತಾವೆ.’

ಸಂಚಿಕೆಯಲ್ಲಿ ಬೀಡಿ ಬಿಟ್ಟಿದ್ದೇನೆ. ವಾಪಸು ಬರುವಾಗ ಬಸ್ಸು ಸೇತುವೆಯ ಮೇಲೆ ಸರಾಗವಾಗಿ ಓಡುತ್ತಿತ್ತು, ನನಗೆ ನನ್ನ ಕಾಲೇಜಿನ ದಿನಗಳು ನೆನಪಾದವು. ನಾನು ಏಳುತ್ತಿದ್ದದ್ದೇ ತಡವಾಗಿ. ಪರೀಕ್ಷೆಯ ದಿನಗಳಲ್ಲಿ ಅಪ್ಪ ಮೊದಲೇ ಹೋಗಿ, ಒಂದು ಕಾಲು ದಡದಲ್ಲಿ, ಒಂದು ಕಾಲು ಲಾಂಚಿನ ಮೇಲೆ ಇಟ್ಟು ನಿಂತುಬಿಡುತ್ತಿದ್ದರು. ‘ಒಂದ್ನಿಮ್ಷ ಮಾರಾಯ, ಮಗಳು ಬಂದ್ಲು’ ಎನ್ನುವ ಹೊತ್ತಿಗೆ ನಾನಿನ್ನೂ ಮನೆಯಲ್ಲಿ ಜಡೆ ಹಾಕಿಕೊಳ್ಳುತ್ತಿರುತ್ತಿದ್ದೆ. ತಮ್ಮ ಫೈನಲ್ಲಿಗೆ ನಿಲ್ಲದ ಲಾಂಚನ್ನು ಅಪ್ಪ ನನ್ನ ಪರೀಕ್ಷೆಗೆ ನಿಲ್ಲಿಸಿದ್ದರು. ನಾನು ಪಾಸಾದೆನೆಂದು ಬೀಗುತ್ತೇನಲ್ಲ, ಅದರಲ್ಲಿ ಅರ್ಧ ಅವರ ಆ ಕಾಲಿನದು.

ರುದ್ರಪ್ಪನವರ ಹೇಳಿಕೆ ಓದಿದ ಮೇಲೆ ಸಮಿತಿಯವರು ಎರಡೂ ತಂಡಗಳು ಗೆದ್ದವೆಂದು ಒಪ್ಪಿದರು. ಗೆದ್ದವರಿಗೆಂದು ಅಚ್ಚು ಹಾಕಿಸಿದ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರನ್ನು ನಾನೇ ದುಂಡಗೆ ಬರೆದೆ. ಸಂಚಿಕೆ ಬಿಡುಗಡೆಯ ಸಮಾರಂಭದಲ್ಲಿ ಅದನ್ನು ರುದ್ರಪ್ಪನವರೇ ಅಪ್ಪನ ಕೈಗಿಟ್ಟರು. ದೊಡ್ಡಪ್ಪ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿದು ಬಂದರು. ಏನೋ ದೊಡ್ಡ ಮಾತು ಹೇಳುತ್ತಾರೆಂದು ನಾನು ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡು ಸಿದ್ಧಳಾಗಿ ನಿಂತೆ.

‘ಮನೆಗೆ ಹೋದ್ಮೇಲೆ ನಿಂದು ಇಳ್ಸಿ ಟ್ರಂಕಿನಾಗೆ ಇಡೇ,’ ಎಂದರು. ‘ಜಗಲೀಲಿ ಇರಾದು ಒಂದೇ ಮೊಳೆ. ನಾನು ಗೆದ್ದಿದ್ದು ನಿನ್ಕಿಂತ ಮೊದ್ಲು.’