ಮೇಜಿನ ಕೆಳಗಿನ ತಂತಿ

ಎಲ್ಲ ಅನರ್ಥಕ್ಕೂ ಕಾರಣ ಒಂದು ಚಹಾ ಕೆಟಲ್. ಕಾಲೇಜಿನ ಗುಮಾಸ್ತೆಯಮ್ಮ ಅದನ್ನು ಪ್ರಯೋಗಶಾಲೆಗೆ ತಂದು, ಸಿಗ್ನಲ್ ಕೊಡುವ ಪೆಟ್ಟಿಗೆಯ ಬೋರ್ಡಿಗೇ ಸಿಕ್ಕಿಸಿದರು. ಠಪ್ಪೆಂದಿತು. ನೀರೂ ಕಾಯಲಿಲ್ಲ, ಪೆಟ್ಟಿಗೆಯೂ ಉಳಿಯಲಿಲ್ಲ.

"ಅಯ್ಯೋ, ನಾನೇನೂ ಮಾಡ್ಲಿಲ್ಲಪ್ಪ! ಬರೀ ಸ್ವಿಚ್ ಒತ್ತಿದೆ," ಎಂದು ಕೆಟಲ್ ಎತ್ತಿಕೊಂಡು ಅವರು ಮಾಯವಾದರು.

ಪ್ರಯೋಗಶಾಲೆಯ ಮೇಷ್ಟ್ರು ಗಡಿಯಾರ ನೋಡಿಕೊಂಡರು. ಹನ್ನೊಂದು ವರ್ಷದ ಹಂಗಾಮಿ ಕೆಲಸ. ತಪಾಸಣೆಯ ಸಾಹೇಬರು ಇನ್ನು ಅರ್ಧ ಗಂಟೆಯಲ್ಲಿ ಬರುತ್ತಾರೆ. ಅವರು ಮೆಚ್ಚಿ ಬರೆದರೆ ಕೆಲಸ ಖಾಯಂ. ಮೆಚ್ಚಿಸಬೇಕಾದದ್ದು ಇಷ್ಟೇ: ಸಿಗ್ನಲ್ ಏರಿದಾಗ ಯಂತ್ರದ ಪರದೆಯ ಮೇಲಿನ ಪಲ್ಸು ಎಂಬ ಬೆಳಕಿನ ಪಟ್ಟಿ ಅಗಲವಾಗಬೇಕು, ಇಳಿದಾಗ ಸಣ್ಣಗಾಗಬೇಕು. ಯಂತ್ರದ ಗುಂಡಿ ತಿರುಗಿಸಿದರೆ ಪಲ್ಸಿನ ಮೈ ಹಾಗೇ ಇದ್ದು, ನಿಂತ ಜಾಗ ಮಾತ್ರ ಅತ್ತಿತ್ತ ಸರಿಯಬೇಕು. ಈಗ ಸಿಗ್ನಲ್ಲೇ ಇಲ್ಲ. ಪಲ್ಸುಗಳು ಗೋಡೆಗೆ ಹೊಡೆದ ಮೊಳೆಗಳಂತೆ ನಿಂತಿದ್ದವು.

ಅಷ್ಟರಲ್ಲಿ ಗ್ರಂಥಾಲಯ ಬಿಟ್ಟು ಗ್ರಂಥಪಾಲಕರು ಬಂದರು. ಎಲ್ಲೇ ತೊಂದರೆಯಾಗಲಿ, ಅವರ ಮೂಗಿಗೆ ವಾಸನೆ ಬಡಿಯುತ್ತಿತ್ತು.

"ಒಂದು ಏಟು ಕೊಡಿ ಮೇಷ್ಟ್ರೇ. ನಮ್ಮನೆ ರೇಡಿಯೋ ಹಾಗೇ ಸರಿಹೋಗೋದು."

"ಮುಟ್ಟಬೇಡಿ ಸ್ವಾಮಿ, ಕೈ ಮುಗೀತೀನಿ!"

ಮುಟ್ಟಿಯೇ ಬಿಟ್ಟರು. ಸಿಗ್ನಲ್ ಬರಬೇಕಿದ್ದ ತಂತಿ ಕಿತ್ತು ಬಂದು ಮೇಜಿನ ಹಿಂದೆ ಜೋತುಬಿತ್ತು. ಹಿಡಿಯಲು ಹೋದ ಮೇಷ್ಟ್ರ ಎಡಗೈ ಅದರ ಬೋಳು ತುದಿಗೆ ತಾಗಿತು. ತಾಗಿದ್ದೇ ತಡ, ಪಲ್ಸುಗಳು ಮಲಗಿದ ಮಗುವಿನ ಹೊಟ್ಟೆಯಂತೆ ಉಬ್ಬತೊಡಗಿದವು! ಬಿಟ್ಟರೆ ನಿಂತವು, ಹಿಡಿದರೆ ಉಬ್ಬಿದವು. ಸುತ್ತಲಿನ ಕರೆಂಟಿನ ಅಲೆ ಮೈಗೆ ಅಂಟಿ, ಅವರ ಮೈಯೇ ಸಿಗ್ನಲ್ಲಾಗಿತ್ತು.

"ದೇವರೇ, ನೀನು ದೊಡ್ಡವನು," ಎಂದರು ಮೇಷ್ಟ್ರು.

ಬಾಗಿಲಲ್ಲಿ ಬೂಟಿನ ಸದ್ದಾಯಿತು. ಗ್ರಂಥಾಲಯಕ್ಕೆ ಬೀಗ ಹಾಕಿ ಬಂದಿದ್ದ ಗ್ರಂಥಪಾಲಕರು ಥಟ್ಟನೆ ಮೇಜಿನ ಕೆಳಗೆ ನುಸುಳಿದರು.

ಸಾಹೇಬರು ಪರದೆ ನೋಡಿ ತಲೆದೂಗಿದರು. ಮೇಷ್ಟ್ರು ತಂತಿ ಹಿಡಿದ ಎಡಗೈ ಬೆನ್ನ ಹಿಂದಿಟ್ಟು, ಬಲಗೈಯಲ್ಲಿ ಗುಂಡಿ ತಿರುಗಿಸಿ, "ಈಗ ಅಗಲ ಅಷ್ಟೇ ಇರತ್ತೆ ಸಾರ್, ಜಾಗ ಮಾತ್ರ ಸರಿಯತ್ತೆ," ಎಂದರು. ಮೂಗಿನ ಮೇಲೆ ನೊಣ ಕೂತಿತು. ಓಡಿಸಲಿಲ್ಲ.

"ಭೇಷ್! ಒಂದು ಕೈ ಹಿಂದೆ ಕಟ್ಕೊಂಡು ನಿಂತ್ರೂ ತಾನೇ ನಡೆಯತ್ತಲ್ರೀ," ಎಂದು ಸಾಹೇಬರು ಪೆನ್ನು ತೆಗೆದರು. "ಇಂಥ ಯಂತ್ರಕ್ಕೆ ಕಾಯೋಕೊಬ್ಬ ಮನುಷ್ಯ ಯಾಕೆ? ಈ ಹುದ್ದೆ ರದ್ದು ಮಾಡಬಹುದು ಅಂತ ಬರೀತೀನಿ."

ಮೇಷ್ಟ್ರು ಮನಸ್ಸಿನಲ್ಲೇ ತೀರ್ಮಾನಿಸಿದರು: ಮಾನ ಹೋದರೂ ಚಿಂತೆಯಿಲ್ಲ, ಅನ್ನ ಉಳಿಯಲಿ.

"ತಾನೇ ನಡೀತಿಲ್ಲ ಸಾರ್! ನಾನು ತಂತಿ ಹಿಡ್ಕೊಂಡಿದೀನಿ, ಅದಕ್ಕೇ! ಇಗೋ, ಬಿಟ್ಟೆ. ನೋಡಿ, ನಿಂತುಹೋಗತ್ತೆ!" ಎಂದು ಎರಡೂ ಕೈ ಮೇಲೆತ್ತಿದರು.

ಪಲ್ಸುಗಳು ನಿಲ್ಲಲಿಲ್ಲ. ಮೊದಲಿಗಿಂತ ಹುರುಪಿನಿಂದ ಅತ್ತಿತ್ತ ಓಲಾಡಿದವು.

ಮೇಷ್ಟ್ರ ಎತ್ತಿದ ಕೈಗಳನ್ನೂ ಪರದೆಯನ್ನೂ ಸಾಹೇಬರು ನೋಡಿದರು. "ಪಾಪ, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ," ಎಂದು ಮೆಲ್ಲಗೆ ಹೇಳಿ, ಆ ವರದಿಗೇ ಸಹಿ ಹಾಕಿ ಹೊರಟುಹೋದರು.

ಮೇಜಿನ ಕೆಳಗಿಂದ, ತಲೆತುಂಬ ಜೇಡರ ಬಲೆ ಹೊತ್ತು, ಮುಷ್ಟಿಯಲ್ಲಿ ತಂತಿ ಹಿಡಿದು ಗ್ರಂಥಪಾಲಕರು ಹೊರಬಂದರು. ಮುಖ ಅರಳಿತ್ತು.

"ಸರಿಯಾದ ಹೊತ್ತಿಗೆ ಹಿಡ್ಕೊಂಡೆ ನೋಡಿ ಮೇಷ್ಟ್ರೇ! ನೀವು ಗಾಬರೀಲಿ ಕೈ ಬಿಟ್ಬಿಟ್ರಲ್ಲ, ನಾನಿಲ್ದೇ ಹೋಗಿದ್ರೆ ನಿಮ್ಮ ಕೆಲಸಾನೇ ಹೋಗ್ತಿತ್ತು!"